ಬಾಡಿಗೆ ಗಣಕಯಂತ್ರದ ಲೆಕ್ಕವನ್ನು ಕೇಳಿ ಪಡೆಯುವ ಕ್ರಮ

ಮಳೆಯ ಲೆಕ್ಕವನ್ನು ಬಲ್ಲ ರೈತನಿಗೆ ಒಂದು ಸಂಗತಿಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಮಳೆಮಾಪಕದ ಪುಸ್ತಕದಲ್ಲಿ ಒಂದು ದಿನದ ಮುಂದೆ 60 ಮಿಲಿಮೀಟರು ಎಂದು ಬರೆದಿದ್ದರೆ, ಆ ಮಳೆಯು ಹಗಲೂ ರಾತ್ರಿಯೂ ಸೋನೆಯಾಗಿ ಹಿಡಿಯಿತೋ ಅಥವಾ ಮುಕ್ಕಾಲು ಗಂಟೆಯಲ್ಲಿ ಬಡಿದು ಹೋಯಿತೋ ಎಂಬುದು ಆ ಅಂಕಿಯೊಂದರಿಂದಲೇ ತಿಳಿಯಲಾರದು. ಮೊದಲನೆಯದಾದರೆ ರಾಗಿಯ ಹೊಲವು ನೀರನ್ನು ಕುಡಿದು ಹಸುರಾಗುವುದು. ಎರಡನೆಯದಾದರೆ ಬದುಗಳು ಒಡೆದು ಮೇಲ್ಮಣ್ಣು ಹಳ್ಳದ ಪಾಲಾಗುವುದು. ಅಂಕಿ ಒಂದೇ, ಫಲ ಬೇರೆ. ಬೆಳಿಗ್ಗೆ 8-30 ಗಂಟೆಗೆ ದಿನಕ್ಕೊಂದು ಸಲ ಮಾಪಕವನ್ನು ನೋಡಿ ಬರೆಯುವ ಕ್ರಮದ ಜೊತೆಗೆ, ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗಳಲ್ಲಿ ನಿಲ್ಲಿಸಿರುವ ಸ್ವಯಂಚಾಲಿತ ಮಾಪಕಗಳು 15 ನಿಮಿಷಕ್ಕೊಮ್ಮೆ ಲೆಕ್ಕವನ್ನು ಕಳುಹಿಸುತ್ತಿರುವುದಕ್ಕೆ ಇದೇ ಕಾರಣ. ದಿನದ ಮೊತ್ತದಲ್ಲಿ ಅಡಗಿಹೋಗುವ ಮುಕ್ಕಾಲು ಗಂಟೆಯು ಕಾಲುಗಂಟೆಯ ಲೆಕ್ಕದಲ್ಲಿ ಹೊರಗೆ ಬೀಳುತ್ತದೆ.

ಈ ನ್ಯಾಯವು ಮಳೆಗೆ ಮಾತ್ರ ಅನ್ವಯಿಸತಕ್ಕದ್ದಲ್ಲ. ನಮ್ಮ ಬೆಳೆಗಾರರ ಸಂಘಗಳು, ಸಹಕಾರ ಸಂಘಗಳು, ರೈತ ಉತ್ಪಾದಕರ ಕಂಪೆನಿಗಳು ಈಚಿನ ವರ್ಷಗಳಲ್ಲಿ ತಮ್ಮ ಖಾತೆ, ದಾಸ್ತಾನು, ಟೆಂಡರು ಮೊದಲಾದ ವ್ಯವಹಾರಗಳನ್ನು ಗಣಕಯಂತ್ರಗಳಿಗೆ ಒಪ್ಪಿಸಿವೆ. ಆ ಯಂತ್ರಗಳಲ್ಲಿ ಅನೇಕವು ಸಂಘದ ಕಟ್ಟಡದಲ್ಲಿ ಇರುವುವಲ್ಲ. ದೂರದ ಊರಿನಲ್ಲಿ ದೊಡ್ಡ ಕಂಪೆನಿಗಳು ಬಾಡಿಗೆಗೆ ಕೊಡತಕ್ಕವು. ಇಂಥ ಏರ್ಪಾಡಿಗೆ ಇಂಗ್ಲಿಷಿನಲ್ಲಿ ಮೋಡವೆಂಬ ಅರ್ಥದ ‘ಕ್ಲೌಡ್’ ಎಂಬ ಹೆಸರು ಬಿದ್ದಿದೆ. ಮೋಡಕ್ಕೂ ಇದಕ್ಕೂ ಸಂಬಂಧವೇನೂ ಇಲ್ಲ. ಹೆಸರಿಟ್ಟವರು ಒಕ್ಕಲುಮಕ್ಕಳಾಗಿದ್ದರೆ ಬಾಡಿಗೆಯ ಉಗ್ರಾಣವೆಂದು ಕರೆಯುತ್ತಿದ್ದರು. ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್ ಎಂಬ ಮೂರು ಅಮೆರಿಕದ ಕಂಪೆನಿಗಳು ಈ ವ್ಯಾಪಾರದಲ್ಲಿ ದೊಡ್ಡವು. ಅಮೆಜಾನಿನವರು 2016ರಲ್ಲಿ ಮುಂಬಯಿಯಲ್ಲಿಯೂ 2022ರಲ್ಲಿ ಹೈದರಾಬಾದಿನಲ್ಲಿಯೂ ಇಂಥ ಯಂತ್ರಾಗಾರಗಳ ವಲಯಗಳನ್ನು ತೆರೆದಿರುತ್ತಾರೆ. ನಮ್ಮ ಅಡಿಕೆಯ ಲಾಟು ಸಂಘದ ಗೋದಾಮಿನಲ್ಲಿದ್ದರೂ ಅದರ ಮೇಲಿನ ಧಾರಣೆಯ ಲೆಕ್ಕವು ಮುಂಬಯಿಯ ಯಂತ್ರವೊಂದರಲ್ಲಿ ಇರಬಹುದು.

ಉಗ್ರಾಣವನ್ನು ಬಾಡಿಗೆಗೆ ಹಿಡಿದವನು ಆಗಾಗ ಬಾಗಿಲು ತೆಗೆಸಿ ಒಳಗೆ ನೋಡಬಲ್ಲನು. ಈ ಯಂತ್ರವನ್ನು ಹಾಗೆ ನೋಡಲಾಗುವುದಿಲ್ಲ. ಅದರ ಸ್ಥಿತಿಯನ್ನು ತಿಳಿಯಲು ಕಂಪೆನಿಯವರೇ ಬರೆದಿಡುವ ಒಂದು ಲೆಕ್ಕದ ಪುಸ್ತಕವುಂಟು. ಅಮೆಜಾನಿನವರ ಪುಸ್ತಕಕ್ಕೆ ‘ಕ್ಲೌಡ್‌ವಾಚ್’ ಎಂದು ಹೆಸರು. ಇದು 2009ರಿಂದ ನಡೆದುಬಂದಿದೆ. ಯಂತ್ರದ ಮಿದುಳು ನೂರಕ್ಕೆ ಎಷ್ಟು ಪಾಲು ದುಡಿಯುತ್ತಿತ್ತು, ಹೊರಗಿನಿಂದ ಎಷ್ಟು ಸುದ್ದಿ ಒಳಗೆ ಬಂದಿತು, ಒಳಗಿನಿಂದ ಎಷ್ಟು ಹೊರಗೆ ಹೋಯಿತು, ಯಂತ್ರದ ಆರೋಗ್ಯಪರೀಕ್ಷೆಯಲ್ಲಿ ದೋಷ ಕಂಡಿತೇ ಎಂಬ ಅಳತೆಗಳು ಅದರಲ್ಲಿ ನಿಮಿಷ ನಿಮಿಷಕ್ಕೂ ಅಥವಾ ಐದು ನಿಮಿಷಕ್ಕೊಮ್ಮೆ ದಾಖಲಾಗುತ್ತವೆ. ಈ ಪುಸ್ತಕವನ್ನು ಓದಲು ಎರಡು ದಾರಿಗಳಿವೆ. ಪರದೆಯ ಮೇಲೆ ಅವರು ಬರೆದು ತೋರಿಸುವ ಗೆರೆಚಿತ್ರವನ್ನು ನೋಡುವುದು ಒಂದು. ನಮ್ಮ ಯಂತ್ರದಿಂದಲೇ ಅವರ ಯಂತ್ರಕ್ಕೆ ಗೊತ್ತಾದ ನಮೂನೆಯ ಅರ್ಜಿಯನ್ನು ಕಳುಹಿಸಿ ಅಂಕಿಗಳನ್ನೇ ತರಿಸಿಕೊಳ್ಳುವುದು ಇನ್ನೊಂದು. ಈ ಎರಡನೆಯ ದಾರಿಯ ನಮೂನೆಗೂ ಕಟ್ಟಳೆಗೂ ‘ಎಪಿಐ’ ಎಂದು ಕರೆಯುತ್ತಾರೆ. ಗ್ರಾಮಪ್ರಮುಖರು ಈ ಅರ್ಜಿಯನ್ನು ತಾವೇ ಬರೆಯಬೇಕಾಗಿಲ್ಲ. ಕಾಲೇಜು ಮುಗಿಸಿದ ಗುಮಾಸ್ತನೊಬ್ಬನು ಅರ್ಧ ದಿನದಲ್ಲಿ ಬರೆಯಬಲ್ಲನು. ಆದರೆ ಅರ್ಜಿಯಲ್ಲಿ ಏನನ್ನು ಕೇಳಿದೆ, ಬಂದ ಉತ್ತರದಿಂದ ಏನು ಸಿದ್ಧವಾಗುತ್ತದೆ, ಏನು ಸಿದ್ಧವಾಗುವುದಿಲ್ಲ ಎಂಬುದನ್ನು ಸಂಘದ ಆಡಳಿತವನ್ನು ಹೊತ್ತವರು ತಿಳಿದಿರಲೇಬೇಕೆಂಬುದಕ್ಕೆ ಈ ಲೇಖಕನು ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಕೆಳಗೆ ಬರೆದಿದೆ.

ಹನ್ನೆರಡು ನಿಮಿಷದ ತಕರಾರು

ಮಲೆನಾಡಿನ ಒಂದು ಅಡಿಕೆ ಬೆಳೆಗಾರರ ಸಂಘ; ಹೆಸರು ಬೇಡ. 2023ನೆಯ ಇಸವಿ ಡಿಸೆಂಬರ್ 5ನೆಯ ತಾರೀಖು ಮಂಗಳವಾರ ಅಲ್ಲಿ ಟೆಂಡರು. ವರ್ತಕರು ತಮ್ಮ ತಮ್ಮ ಅಂಗಡಿಯಲ್ಲಿಯೇ ಕುಳಿತು ಫೋನಿನ ಮೂಲಕ ಲಾಟುಗಳಿಗೆ ಧಾರಣೆ ಬರೆಯುವುದು, 11 ಗಂಟೆಗೆ ಟೆಂಡರು ಮುಚ್ಚುವುದು, ಹೆಚ್ಚು ಬರೆದವರಿಗೆ ಲಾಟು ಎಂಬುದು ಕ್ರಮ. ಅನುಭವಸ್ಥರಾದ ವರ್ತಕರು ಕೊನೆಯ ಐದು ಹತ್ತು ನಿಮಿಷದವರೆಗೆ ಕೈಬಿಚ್ಚುವುದಿಲ್ಲವೆಂಬುದು ಎಲ್ಲರಿಗೂ ತಿಳಿದ ಮಾತು. ಆ ದಿನ 11ಕ್ಕೆ ಎಂಟು ನಿಮಿಷ ಇದೆಯೆನ್ನುವಾಗ ಫೋನುಗಳಲ್ಲಿ ಪುಟ ತೆರೆಯುವುದು ನಿಂತಿತು. ಮತ್ತೆ ತೆರೆದದ್ದು 11 ಕಳೆದ ಮೇಲೆ. ಬೆಳಿಗ್ಗೆಯೇ ಕಡಿಮೆ ಧಾರಣೆಯನ್ನು ಬರೆದಿಟ್ಟು ಸುಮ್ಮನಿದ್ದ ಒಬ್ಬಿಬ್ಬರಿಗೆ ಒಳ್ಳೆಯ ಬೆಟ್ಟೆ, ರಾಶಿ ಲಾಟುಗಳು ಅಗ್ಗವಾಗಿ ಬಿದ್ದುವು. ವರ್ಷದ ದುಡಿಮೆಯನ್ನೆಲ್ಲಾ ಆ ಲಾಟಿನಲ್ಲಿಟ್ಟಿದ್ದ ಸಣ್ಣ ಬೆಳೆಗಾರರ ಸಂಕಟವನ್ನು ವಾಚಕರೇ ಊಹಿಸಿಕೊಳ್ಳಬಹುದು.

ಸಂಕಟವು ಸಂದೇಹಕ್ಕೆ ತಿರುಗಲು ಎರಡು ದಿನ ಸಾಕಾಯಿತು. ಯಂತ್ರದ ಗುಪ್ತಪದವು ಸಂಘದ ಯುವಕ ಗುಮಾಸ್ತರೊಬ್ಬರ ಬಳಿ ಇತ್ತು. ಲಾಭ ಪಡೆದ ವರ್ತಕರೊಬ್ಬರು ಅವರಿಗೆ ದೂರದ ನಂಟರು. ಗುಮಾಸ್ತನೇ ಹನ್ನೆರಡು ನಿಮಿಷ ಯಂತ್ರವನ್ನು ನಿಲ್ಲಿಸಿದನೆಂಬ ಮಾತು ಊರಿನಲ್ಲಿ ಹಬ್ಬಿತು. ಯಂತ್ರವನ್ನು ಏರ್ಪಾಡು ಮಾಡಿಕೊಟ್ಟ ಕಂಟ್ರಾಕ್ಟುದಾರರು ಒಂದು ಹಾಳೆಯ ಗೆರೆಚಿತ್ರವನ್ನು ಕಳುಹಿಸಿದರು. ಅದರ ಪ್ರಕಾರ ಆ ದಿನ ಯಂತ್ರದ ದುಡಿಮೆಯ ಸರಾಸರಿಯು ನೂರಕ್ಕೆ 7ಕ್ಕಿಂತಲೂ ಕಡಿಮೆ. ಯಂತ್ರವು ಆಕಳಿಸುತ್ತ ಕುಳಿತಿತ್ತು, ದೋಷವೇನಿದ್ದರೂ ನಿಮ್ಮ ಊರಿನ ಫೋನ್ ಸಂಪರ್ಕದ್ದು ಎಂದು ಅವರ ಅಭಿಪ್ರಾಯ. ಈ ಹಾಳೆಯಿಂದ ಗುಮಾಸ್ತರ ಮೇಲಿನ ಸಂದೇಹವು ಕಡಿಮೆಯಾಗಲಿಲ್ಲ, ಬಲವಾಯಿತು: ಯಂತ್ರಕ್ಕೆ ಹೊರೆಯೇ ಇರಲಿಲ್ಲವೆಂದ ಮೇಲೆ ಅದು ತಾನಾಗಿ ನಿಲ್ಲುವುದೆಂತು?

ಡೈರೆಕ್ಟರುಗಳ ಸಭೆಯು 17ನೆಯ ತಾರೀಖು ಭಾನುವಾರ ಸೇರಿತು. ಇಲಾಖೆಯ ಪರವಾಗಿ ಈ ಲೇಖಕನೂ ಅಲ್ಲಿದ್ದನು. ಗುಮಾಸ್ತರು ಎದ್ದು ನಿಂತು, ಸರಾಸರಿಯನ್ನು ಬಿಟ್ಟು ನಿಮಿಷದ ಲೆಕ್ಕವನ್ನು ತರಿಸಬೇಕೆಂದೂ ಅದಕ್ಕೆ ಇನ್ನು ಮೂರೇ ದಿನ ಉಳಿದಿದೆಯೆಂದೂ ಹೇಳಿದರು. ಮೂರು ದಿನವೇಕೆ ಎಂಬುದನ್ನು ಮುಂದೆ ಹೇಳುವೆನು. ಅಧ್ಯಕ್ಷರು ವಯೋವೃದ್ಧರು, ಯಂತ್ರದ ಗಂಧವಿಲ್ಲದವರು. ಆದರೆ “ಲೆಕ್ಕ ಇದ್ದರೆ ನೋಡಿಬಿಡೋಣ, ಯಾರ ಮಾತನ್ನೂ ನಂಬುವುದು ಬೇಡ” ಎಂದು ಅಪ್ಪಣೆ ಕೊಟ್ಟರು. ಕಂಟ್ರಾಕ್ಟುದಾರರು ಸ್ವಲ್ಪ ಹಿಂದುಮುಂದು ನೋಡಿ, ಓದುವುದಕ್ಕೆ ಮಾತ್ರ ಬರುವ ಒಂದು ಕೀಲಿಯನ್ನು ಕೊಟ್ಟರು.

ಅರ್ಜಿಯ ಅಂಗಗಳು

ಪಹಣಿಯ ನಕಲನ್ನು ಕೇಳುವವನು ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸೆ ಇಷ್ಟನ್ನೂ ಹೇಳಬೇಕು. ಒಂದು ತಪ್ಪಿದರೆ ಬೇರೆಯವರ ಜಮೀನಿನ ನಕಲು ಬರುವುದು, ಇಲ್ಲವೇ ಏನೂ ಬಾರದು. ಕ್ಲೌಡ್‌ವಾಚ್ ಪುಸ್ತಕದ ಅರ್ಜಿಯೂ ಹೀಗೆಯೇ. ಮೊದಲು ವಲಯ: ಮುಂಬಯಿಯೋ, ಹೈದರಾಬಾದೋ, ಅಮೆರಿಕದ ವರ್ಜೀನಿಯವೋ. ಆಮೇಲೆ ಯಾವ ಬಗೆಯ ಸೇವೆ, ಅದರಲ್ಲಿ ಯಾವ ಅಳತೆ, ಯಾವ ಯಂತ್ರದ್ದು. ಅನಂತರ ಎಲ್ಲಿಂದ ಎಲ್ಲಿಯವರೆಗಿನ ಕಾಲ. ಕೊನೆಗೆ ಎರಡು ಮುಖ್ಯ ಅಂಶಗಳು: ಎಷ್ಟು ಹೊತ್ತಿನ ಲೆಕ್ಕವನ್ನು ಒಂದು ಸಾಲಾಗಿ ಕಟ್ಟಬೇಕು, ಮತ್ತು ಆ ಹೊತ್ತಿನ ಸರಾಸರಿ ಬೇಕೋ, ಗರಿಷ್ಠ ಬೇಕೋ, ಕನಿಷ್ಠ ಬೇಕೋ, ಮೊತ್ತ ಬೇಕೋ, ಎಷ್ಟು ಸಲ ಅಳೆದರೆಂಬ ಎಣಿಕೆ ಬೇಕೋ. ಯಾವ ಅಳತೆಗಳು ಪುಸ್ತಕದಲ್ಲಿವೆಯೆಂದು ಮೊದಲು ಪಟ್ಟಿಯನ್ನು ಕೇಳುವುದಕ್ಕೆ ‘ಲಿಸ್ಟ್‌ಮೆಟ್ರಿಕ್ಸ್’ ಎಂಬ ಬೇರೊಂದು ಅರ್ಜಿಯಿದೆ. ಎರಡು ವಾರಗಳಿಂದ ಯಾವ ಅಂಕಿಯನ್ನೂ ಕಳುಹಿಸದ ಅಳತೆಯು ಈ ಪಟ್ಟಿಯಲ್ಲಿ ಕಾಣಿಸುವುದಿಲ್ಲವಾದುದರಿಂದ, ಪಟ್ಟಿಯಲ್ಲಿಲ್ಲವೆಂದು ಪುಸ್ತಕದಲ್ಲಿಯೂ ಇಲ್ಲವೆಂದು ತೀರ್ಮಾನಿಸತಕ್ಕದ್ದಲ್ಲ.

ಸಭೆಯ ಎದುರಿಗೇ ಗುಮಾಸ್ತರು ಮೊದಲ ಅರ್ಜಿಯನ್ನು ಕಳುಹಿಸಿದರು. ಉತ್ತರ ಬಂದಿತು; ಒಳಗೆ ಒಂದು ಸಾಲೂ ಇರಲಿಲ್ಲ. ತಪ್ಪಾಯಿತೆಂಬ ಸೂಚನೆಯೂ ಇರಲಿಲ್ಲ. “ನೋಡಿದಿರಾ, ಅಳಿಸಿಬಿಟ್ಟಿದ್ದಾನೆ” ಎಂದು ಹಿಂದಿನ ಬೆಂಚಿನಿಂದ ಒಂದು ಧ್ವನಿ. ಗುಮಾಸ್ತರ ಮುಖ ಬಿಳುಪೇರಿತು. ಕಾರಣ ಇಷ್ಟೇ: ಅವರ ಗಣಕದಲ್ಲಿ ವಲಯವು ವರ್ಜೀನಿಯ ಎಂದು ಮೊದಲೇ ನಮೂದಾಗಿತ್ತು. ಯಂತ್ರವಿದ್ದದ್ದು ಮುಂಬಯಿಯಲ್ಲಿ. ಒಂದೊಂದು ವಲಯದ ಪುಸ್ತಕ ಒಂದೊಂದು. ವರ್ಜೀನಿಯದ ಪುಸ್ತಕದಲ್ಲಿ ಇಂಥ ಯಂತ್ರದ ಹೆಸರೇ ಇಲ್ಲ. ಇಲ್ಲದ ಯಂತ್ರದ ಲೆಕ್ಕ ಕೇಳಿದವನಿಗೆ ಆ ಪುಸ್ತಕವು ‘ತಪ್ಪು ಬಾಗಿಲಿಗೆ ಬಂದಿರಿ’ ಎನ್ನುವುದಿಲ್ಲ, ಖಾಲಿ ಹಾಳೆಯನ್ನು ಕೊಡುತ್ತದೆ. ಯಂತ್ರದ ಗುರುತನ್ನು ತಪ್ಪಾಗಿ ಬರೆದರೂ ಇದೇ ಗತಿ. ಅಂದಹಾಗೆ ಈ ಪುಸ್ತಕದೊಳಗಿನ ಅಂಕಿಗಳನ್ನು ಬಾಡಿಗೆದಾರರು ಯಾರೂ ಅಳಿಸಲಾರರು; ಅದಕ್ಕೆ ಅರ್ಜಿಯ ನಮೂನೆಯೇ ಇಲ್ಲ. ಅವು ಕಾಲ ತೀರಿದ ಮೇಲೆ ತಾವಾಗಿ ಹೋಗತಕ್ಕವು. ಹಿಂದಿನ ಬೆಂಚಿನ ಮಹಾಶಯರಿಗೆ ಇದನ್ನು ಹೇಳಿದ ಮೇಲೆ ಸಭೆ ಸ್ವಲ್ಪ ತಣ್ಣಗಾಯಿತು.

ಮುಂಬಯಿಯನ್ನು ನಮೂದಿಸಿ 10-30ರಿಂದ 11-30ರವರೆಗೆ ನಿಮಿಷದ ಲೆಕ್ಕವನ್ನು ಕೇಳಿದರು. 60 ಸಾಲುಗಳು ಬಂದುವು. ಎಲ್ಲವೂ ನೂರಕ್ಕೆ 6ರ ಆಸುಪಾಸು! ಕಂಟ್ರಾಕ್ಟುದಾರರು ಮುಗುಳ್ನಕ್ಕರು. ಆದರೆ ಈ ಪುಸ್ತಕವು ನಮ್ಮ ಗಡಿಯಾರವನ್ನು ಅನುಸರಿಸುವುದಿಲ್ಲ. ಜಗತ್ತಿಗೆಲ್ಲಾ ಒಂದೇ ಆದ ಸಾರ್ವತ್ರಿಕ ಕಾಲವನ್ನು ಅನುಸರಿಸುತ್ತದೆ. ಭಾರತದ ಕಾಲವು ಅದಕ್ಕಿಂತ ಐದೂವರೆ ಗಂಟೆ ಮುಂದು. ಅವರು ಕೇಳಿದ 10-30 ನಮ್ಮ ಸಂಜೆ 4 ಗಂಟೆ. ಆ ಹೊತ್ತಿಗೆ ಟೆಂಡರು ಮುಗಿದು ವರ್ತಕರು ಕಾಫಿ ಕುಡಿಯುತ್ತಿದ್ದರು. ನಮ್ಮ 10-30ಕ್ಕೆ ಪುಸ್ತಕದಲ್ಲಿ 5 ಗಂಟೆಯೆಂದು ಕೇಳಬೇಕು. ಮೂರನೆಯ ಸಲ ಹಾಗೆ ಕೇಳಿದಾಗ ಸಭೆಯು ನಿಶ್ಶಬ್ದವಾಯಿತು. 10-51ರವರೆಗೆ ನೂರಕ್ಕೆ 6. ಅಲ್ಲಿಂದ ಮುಂದೆ 10-52ರ ಸಾಲಿನಿಂದ 11-03ರ ಸಾಲಿನವರೆಗೆ ಹನ್ನೆರಡು ಸಾಲುಗಳಲ್ಲಿಯೂ ನೂರಕ್ಕೆ ನೂರು. 11-04ಕ್ಕೆ ಮತ್ತೆ 6.

ಹಾಗಾದರೆ ಕಂಟ್ರಾಕ್ಟುದಾರರ ಹಾಳೆ ಸುಳ್ಳೇ? ಸುಳ್ಳಲ್ಲ. ದಿನಕ್ಕೆ 1,440 ನಿಮಿಷ. 12 ನಿಮಿಷ ನೂರರಂತೆ, ಮಿಕ್ಕ 1,428 ನಿಮಿಷ ಆರರಂತೆ ಕೂಡಿ 1,440ರಿಂದ ಭಾಗಿಸಿದರೆ 6.8 ಬರುತ್ತದೆ. ಲೆಕ್ಕ ಸರಿ. ಅದೇ ಹನ್ನೆರಡು ನಿಮಿಷವಿದ್ದ ಒಂದು ಗಂಟೆಗೆ ಮಾತ್ರ ಭಾಗಿಸಿದರೆ 24.8. ಅದೂ ಸರಿಯೇ. ಎರಡರಲ್ಲಿಯೂ ಯಂತ್ರವು ಉಸಿರುಕಟ್ಟಿದ ಗುರುತು ಇಲ್ಲ. ರಾತ್ರಿಯ ನಿಮಿಷಗಳಿಗೂ ಟೆಂಡರಿನ ಕೊನೆಯ ನಿಮಿಷಗಳಿಗೂ ಸಮನಾದ ತೂಕವನ್ನು ಕೊಟ್ಟು ಅಳೆದವರಿಗೆ ಇದು ಕಾಣಿಸುವ ಬಗೆಯಿಲ್ಲ. ಕಂಟ್ರಾಕ್ಟುದಾರರನ್ನು ಈ ಲೇಖಕನು ಮೋಸಗಾರರೆನ್ನುವುದಿಲ್ಲ. ಅವರು ತಮಗೆ ಅನುಕೂಲವಾದ ಪ್ರಶ್ನೆಯನ್ನು ಕೇಳಿ ಉತ್ತರವನ್ನು ನಮಗೆ ಕಳುಹಿಸಿದರು. ನಮ್ಮ ಪ್ರಶ್ನೆಯನ್ನು ನಾವು ಕೇಳಿರಲಿಲ್ಲ.

ಗುಮಾಸ್ತರ ಮೇಲಿನ ಆರೋಪವು ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿಯಿಂದ ಬಿದ್ದುಹೋಯಿತು. ನಿಂತ ಯಂತ್ರವು ಸೊನ್ನೆಯನ್ನು ಬರೆಯಿಸುವುದಿಲ್ಲ, ಏನನ್ನೂ ಬರೆಯಿಸುವುದಿಲ್ಲ. ಆ ನಿಮಿಷಗಳ ಸಾಲೇ ಉತ್ತರದಲ್ಲಿ ಬರುವುದಿಲ್ಲ. ಹಿಂದೆ ಮಳೆಪುಸ್ತಕವನ್ನು ಬರೆಯುತ್ತಿದ್ದ ದಕ್ಷರಾದ ಶಾನುಭೋಗರು ಮಳೆ ಬಾರದ ದಿನಕ್ಕೆ ಸೊನ್ನೆಯನ್ನೂ, ತಾವು ಊರಿನಲ್ಲಿಲ್ಲದೆ ಮಾಪಕವನ್ನು ನೋಡದೆ ಹೋದ ದಿನಕ್ಕೆ ಅಡ್ಡಗೆರೆಯನ್ನೂ ಹಾಕುತ್ತಿದ್ದುದನ್ನು ಹಿರಿಯರು ಬಲ್ಲರು. ಆ ಎರಡನ್ನು ಒಂದೆಂದು ಎಣಿಸಿದವನು ಬರಗಾಲವಿಲ್ಲದ ಕಡೆ ಬರಗಾಲವನ್ನು ಕಾಣುತ್ತಾನೆ. ಇಲ್ಲಿ 60 ನಿಮಿಷಕ್ಕೆ 60 ಸಾಲುಗಳೂ ಕಡಿಯದೆ ಬಂದಿದ್ದುವು. ಯಂತ್ರದ ಆರೋಗ್ಯಪರೀಕ್ಷೆಯ ಅಳತೆಯಲ್ಲಿಯೂ ಅಷ್ಟು ಸಾಲುಗಳು, ಎಲ್ಲವೂ ಸೊನ್ನೆ, ಎಂದರೆ ದೋಷವಿಲ್ಲ. ಹೊರಗಿನಿಂದ ಒಳಗೆ ಬಂದ ಸುದ್ದಿಯ ಅಳತೆಯು ಅದೇ ಹನ್ನೆರಡು ನಿಮಿಷಗಳಲ್ಲಿ ಎದ್ದು ನಿಂತಿತ್ತು. ಯಂತ್ರವನ್ನು ಯಾರೂ ನಿಲ್ಲಿಸಲಿಲ್ಲ. ಕೇಳುವವರು ಹೆಚ್ಚಾಗಿ ಅದು ತಡೆದುಕೊಳ್ಳಲಾರದೆ ಹೋಯಿತು. ವರ್ತಕರಷ್ಟೇ ಅಲ್ಲ, ತಮ್ಮ ಲಾಟಿಗೆ ಎಷ್ಟು ಬಂದಿತೆಂದು ನೋಡಲು ನೂರಾರು ಬೆಳೆಗಾರರೂ ಕೊನೆಯ ಹತ್ತು ನಿಮಿಷದಲ್ಲಿ ಫೋನನ್ನು ಮತ್ತೆ ಮತ್ತೆ ಒತ್ತುತ್ತಿದ್ದರೆಂದು ಆಮೇಲೆ ವಿಚಾರಿಸಿದಾಗ ತಿಳಿಯಿತು. ನೊಂದವರೇ ತಿಳಿಯದೆ ಬಾಗಿಲಿಗೆ ಅಡ್ಡ ನಿಂತಿದ್ದರು.

ಇಷ್ಟಾದರೂ ಈ ಪುಸ್ತಕವು ಯಾರ ಧಾರಣೆಯು ಒಳಗೆ ಬರಲಿಲ್ಲ, ಎಷ್ಟು ಬರೆಯಲಿದ್ದರು ಎಂಬುದನ್ನು ಹೇಳಲಾರದು. ಅದು ಹೊರೆಯ ಪುಸ್ತಕವೇ ಹೊರತು ಆಳುಗಳ ಹಾಜರಿ ಪುಸ್ತಕವಲ್ಲ. ಬಂದವರ ಹೆಜ್ಜೆಗುರುತು ಇರತಕ್ಕದ್ದು ಬೇರೆ ದಾಖಲೆಗಳಲ್ಲಿ. ಅವನ್ನು ಇಟ್ಟುಕೊಳ್ಳುವಂತೆ ಕರಾರಿನಲ್ಲಿಯೇ ಬರೆಯಿಸಿಕೊಳ್ಳಬೇಕು. ನಷ್ಟ ಹೊಂದಿದ ಬೆಳೆಗಾರರಿಗೆ ಆ ದಿನದ ನಷ್ಟವು ಮರಳಿ ಬರಲಿಲ್ಲವೆಂಬುದನ್ನು ಇಲ್ಲಿ ಮರೆಮಾಚತಕ್ಕದ್ದಲ್ಲ.

ಲೆಕ್ಕಕ್ಕೂ ಆಯುಸ್ಸುಂಟು

ಗುಮಾಸ್ತರು ಮೂರೇ ದಿನವೆಂದುದಕ್ಕೆ ಕಾರಣವಿದು. ಕ್ಲೌಡ್‌ವಾಚ್ ಪುಸ್ತಕದಲ್ಲಿ ನಿಮಿಷದ ಲೆಕ್ಕವು 15 ದಿನ ಮಾತ್ರ ನಿಲ್ಲುತ್ತದೆ. ಅಲ್ಲಿಂದ ಮುಂದೆ ಐದೈದು ನಿಮಿಷಗಳನ್ನು ಒಂದು ಸಾಲಾಗಿ ಕಟ್ಟಿದ ಲೆಕ್ಕವು 63 ದಿನದವರೆಗೆ ದೊರೆಯುವುದು. ಆಮೇಲೆ ಗಂಟೆಯ ಲೆಕ್ಕವು 455 ದಿನದವರೆಗೆ, ಎಂದರೆ ಸುಮಾರು 15 ತಿಂಗಳು. ಅನಂತರ ಏನೂ ಇಲ್ಲ. ಮೂರು ತಿಂಗಳಿಗೊಮ್ಮೆ ಸಭೆ ಸೇರುವ ಸಂಘವಾಗಿದ್ದರೆ, ತಕರಾರು ಸಭೆಯ ಮುಂದೆ ಬರುವ ಹೊತ್ತಿಗೆ ಆ ಹನ್ನೆರಡು ನಿಮಿಷವು ಗಂಟೆಯ ಸರಾಸರಿ 24.8ರಲ್ಲಿ ಕರಗಿಹೋಗಿರುತ್ತಿತ್ತು. ಗಂಟೆಯ ಸಾಲಿನಲ್ಲಿ ಗರಿಷ್ಠವನ್ನು ಕೇಳಿದರೆ ಆಗಲೂ ನೂರು ಎಂದು ಬರುವುದು ನಿಜ. ಆದರೆ ಆ ನೂರು ಒಂದು ನಿಮಿಷದ್ದೋ ಹನ್ನೆರಡು ನಿಮಿಷದ್ದೋ ತಿಳಿಯದು. ಅದೂ ಅಲ್ಲದೆ ಸಾರ್ವತ್ರಿಕ ಕಾಲದ ಒಂದು ಗಂಟೆಯು ನಮಗೆ 10-30ರಿಂದ 11-30 ಆಗುವುದರಿಂದ, ಆ ನೂರು ಟೆಂಡರು ಮುಚ್ಚುವುದಕ್ಕೆ ಮೊದಲಿನದೋ ಆಮೇಲಿನದೋ ಎಂಬುದೂ ತಿಳಿಯದು. ತಕರಾರು ಇರುವುದೇ ಆ 11 ಗಂಟೆಯ ಆಚೆ ಈಚೆಯಲ್ಲಿ!

ಇನ್ನೊಂದು ಎಚ್ಚರಿಕೆ. ಈ ಸಂಘದವರು ನಿಮಿಷದ ಲೆಕ್ಕಕ್ಕೆ ಪ್ರತ್ಯೇಕ ಹಣವನ್ನು ತೆರುತ್ತಿದ್ದರು. ಹೆಚ್ಚು ಹಣವಿಲ್ಲದೆ ದೊರೆಯುವ ಸಾಧಾರಣ ಏರ್ಪಾಡಿನಲ್ಲಿ ಯಂತ್ರದ ದುಡಿಮೆಯು ಐದು ನಿಮಿಷಕ್ಕೊಮ್ಮೆ ಮಾತ್ರ ದಾಖಲಾಗುತ್ತದೆ. ಬರೆಯದೆ ಇದ್ದುದನ್ನು ಎಷ್ಟು ಚೆನ್ನಾಗಿ ಕೇಳಿದರೂ ಪಡೆಯುವಂತಿಲ್ಲ. ಹಾಗೆಯೇ ಯಂತ್ರದ ಸ್ಮರಣೆಯ ಜಾಗ ಎಷ್ಟು ತುಂಬಿದೆ, ಡಿಸ್ಕಿನಲ್ಲಿ ಎಷ್ಟು ಸ್ಥಳ ಉಳಿದಿದೆ ಎಂಬುದನ್ನು ಕಂಪೆನಿಯವರು ಹೊರಗಿನಿಂದ ಅಳೆಯುವುದಿಲ್ಲ. ಅದಕ್ಕೆ ಯಂತ್ರದೊಳಗೆ ಅವರ ಒಂದು ಚಿಕ್ಕ ಪ್ರೋಗ್ರಾಮನ್ನು ಕೂರಿಸಬೇಕು. ಮಳೆಮಾಪಕವು ಮಳೆಯನ್ನು ಹೇಳೀತು, ಮಣ್ಣಿನೊಳಗಿನ ತೇವವನ್ನು ಹೇಳದು.

ಅಗ್ಗದ ಯಂತ್ರಗಳ ವಿಷಯದಲ್ಲಿ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಸಣ್ಣ ಸಂಘಗಳು ಹಣದ ಉಳಿತಾಯಕ್ಕಾಗಿ ‘ಟಿ2’ ಮುಂತಾದ ಹೆಸರಿನ ಯಂತ್ರಗಳನ್ನು ಹಿಡಿಯುವುದುಂಟು. ಇವುಗಳ ಏರ್ಪಾಡು ಊಟೆಯ ನೀರು ತುಂಬುವ ಕಟ್ಟೆಯಂತೆ. ‘ಟಿ2 ಮೈಕ್ರೋ’ ಎಂಬ ಯಂತ್ರಕ್ಕೆ ಗಂಟೆಗೆ 6 ನಿಮಿಷದ ಪೂರ್ಣ ದುಡಿಮೆಯಷ್ಟು ಸಾಲ ಕೂಡಿಕೊಳ್ಳುತ್ತದೆ. ಒಟ್ಟು 144ರವರೆಗೆ ಶೇಖರವಾಗಬಹುದು. ಬಿಡುವಿನಲ್ಲಿ ಶೇಖರಿಸಿದುದನ್ನು ಅವಸರದಲ್ಲಿ ಖರ್ಚು ಮಾಡಬಹುದು. ಕಟ್ಟೆ ಬರಿದಾದ ಮೇಲೆ ಮಾತ್ರ ಅದು ನೂರಕ್ಕೆ 10ರ ವೇಗದಲ್ಲಿಯೇ ನಡೆಯತಕ್ಕದ್ದು. ಆಗ ದುಡಿಮೆಯ ಅಳತೆಯು 10 ಎಂದು ತೋರಿಸುತ್ತಿದ್ದರೂ ಯಂತ್ರವು ಕುತ್ತಿಗೆ ಹಿಡಿದಂತೆ ಒದ್ದಾಡುತ್ತಿರುತ್ತದೆ. ದುಡಿಮೆಯ ಅಂಕಿಯ ಜೊತೆಗೆ ಕಟ್ಟೆಯ ಮಟ್ಟದ ಅಂಕಿಯನ್ನೂ ತರಿಸದಿದ್ದರೆ ಇಲ್ಲಿ ಮೋಸಹೋಗುವುದು ಖಂಡಿತ. ಆ ಮಟ್ಟವು ಪುಸ್ತಕದಲ್ಲಿ ಐದು ನಿಮಿಷಕ್ಕೊಮ್ಮೆ ದಾಖಲಾಗುತ್ತದೆ.

ಖರ್ಚಿನ ವಿಚಾರ. ಹೆಚ್ಚು ಅಳತೆಗಳನ್ನು ಒಟ್ಟಿಗೆ ಕೇಳುವ ‘ಗೆಟ್‌ಮೆಟ್ರಿಕ್‌ಡೇಟಾ’ ಎಂಬ ಅರ್ಜಿಯಲ್ಲಿ ಒಂದು ಸಲಕ್ಕೆ 500 ಅಳತೆಗಳನ್ನು ಕೇಳಬಹುದು. ಸಾವಿರ ಅಳತೆಗಳಿಗೆ ಅಮೆರಿಕದ ಡಾಲರಿನ ನೂರನೆಯ ಒಂದು ಪಾಲು ದರ. ಹತ್ತು ಅಳತೆಗಳನ್ನು ದಿನಕ್ಕೊಮ್ಮೆ ತರಿಸುವ ಸಂಘಕ್ಕೆ ತಿಂಗಳಿಗೆ 300 ಆಗುವುದರಿಂದ ಇದು ಲೆಕ್ಕಕ್ಕೆ ಸಿಕ್ಕುವ ಹಣವಲ್ಲ. ಆದರೆ ಉತ್ಸಾಹಿಯಾದ ಹುಡುಗನೊಬ್ಬನು ನೂರು ಅಳತೆಗಳನ್ನು ನಿಮಿಷ ನಿಮಿಷಕ್ಕೂ ಕೇಳುವಂತೆ ಕಟ್ಟಿಟ್ಟರೆ ತಿಂಗಳಿಗೆ 43,20,000 ಆಗಿ 43 ಡಾಲರಿಗೂ ಮೇಲೆ ಬರುತ್ತದೆ. ಆ ಹಣದಿಂದ ಸಂಘಕ್ಕೆ ಸಿಕ್ಕುವ ಪ್ರಯೋಜನ ಶೂನ್ಯ. ‘ಗೆಟ್‌ಮೆಟ್ರಿಕ್‌ಸ್ಟ್ಯಾಟಿಸ್ಟಿಕ್ಸ್’ ಎಂಬ ಹಳೆಯ ಅರ್ಜಿಯು ಒಂದು ಸಲಕ್ಕೆ ಒಂದೇ ಅಳತೆಯನ್ನು, 1,440 ಸಾಲುಗಳವರೆಗೆ ಕೊಡುತ್ತದೆ. ಸರಿಯಾಗಿ ಒಂದು ದಿನದ ನಿಮಿಷಗಳು! ಆದರೆ ಅದು ಸಾಲುಗಳನ್ನು ಕಾಲಕ್ರಮದಲ್ಲಿ ಕೊಡುವುದೆಂಬ ಭರವಸೆಯಿಲ್ಲ. ಬಂದ ಮೇಲೆ ನಾವು ಜೋಡಿಸಿಕೊಳ್ಳಬೇಕು. ದೊಡ್ಡ ಉತ್ತರಗಳು ಒಂದೇ ಹಾಳೆಯಲ್ಲಿ ಬಾರದೆ, ‘ಮುಂದಿನ ಹಾಳೆಗೆ ಈ ಚೀಟಿಯನ್ನು ತೋರಿಸಿ’ ಎಂಬಂತೆ ಒಂದು ಗುರುತಿನೊಡನೆ ಬರುತ್ತವೆ. ಗುರುತನ್ನು ಗಮನಿಸದೆ ಮೊದಲ ಹಾಳೆಯನ್ನೇ ಪೂರ್ಣವೆಂದು ತಿಳಿದವರು ಉಂಟು.

ಮೈಕ್ರೋಸಾಫ್ಟಿನವರ ‘ಅಜೂರ್ ಮಾನಿಟರ್’, ಗೂಗಲಿನವರ ‘ಕ್ಲೌಡ್ ಮಾನಿಟರಿಂಗ್’ ಎಂಬವುಗಳಲ್ಲಿ ಹೆಸರುಗಳು ಬೇರೆ, ಅವಧಿಗಳು ಬೇರೆ. ಅಜೂರಿನವರು ತಮ್ಮ ಸೇವೆಗಳ ಅಳತೆಗಳನ್ನು ಸಾಧಾರಣವಾಗಿ 93 ದಿನ ಇಡುತ್ತಾರೆ. ಅರ್ಜಿಯ ಅಂಗಗಳು ಬಹುಮಟ್ಟಿಗೆ ಇವೇ.

ಕೀಲಿಯ ವಿಷಯದಲ್ಲಿ ಮಾತ್ರ ಔದಾಸೀನ್ಯ ಕೂಡದು. ಪ್ರತಿಯೊಂದು ಅರ್ಜಿಯೂ ಒಂದು ಗುಪ್ತ ಕೀಲಿಯಿಂದ ರುಜುವಾಗಿ ಹೋಗಬೇಕು. ರುಜುವಿನಲ್ಲಿ ಗಳಿಗೆಯೂ ಸೇರಿರುವುದರಿಂದ, ಕೇಳುವ ಗಣಕದ ಗಡಿಯಾರವು ಹೆಚ್ಚು ತಪ್ಪಿದ್ದರೆ ಅರ್ಜಿಯು ತಿರಸ್ಕೃತವಾಗುವುದು. ಎಲ್ಲ ಅಧಿಕಾರವೂ ಉಳ್ಳ ಯಜಮಾನ ಕೀಲಿಯನ್ನು ಲೆಕ್ಕ ಓದುವ ಕೆಲಸಕ್ಕೆ ಬಳಸುವುದು, ಸಂಘದ ಮೊಹರನ್ನು ಕಾಗದ ಹಂಚುವ ಹುಡುಗನ ಕೈಗೆ ಕೊಟ್ಟಂತೆ. ಓದುವುದಕ್ಕೆ ಮಾತ್ರ ಅನುಮತಿಯುಳ್ಳ, ಯಾವುದನ್ನೂ ಮುಟ್ಟಲಾರದ ಕೀಲಿಯನ್ನು ಮಾಡಿಕೊಡುವ ಏರ್ಪಾಡು ಕಂಪೆನಿಯವರಲ್ಲಿಯೇ ಇದೆ. ಹೊಸದಾಗಿ ಕರಾರು ಮಾಡಿಕೊಳ್ಳುವ ಸಂಘದವರು, ಯಂತ್ರದ ಖಾತೆಯು ಸಂಘದ ಹೆಸರಿನಲ್ಲಿಯೇ ಇರತಕ್ಕದ್ದೆಂದೂ, ಓದುವ ಕೀಲಿಯೊಂದು ಕಾರ್ಯದರ್ಶಿಗಳ ವಶದಲ್ಲಿರತಕ್ಕದ್ದೆಂದೂ ಎರಡು ಷರತ್ತುಗಳನ್ನು ಬರೆಯಿಸಿಕೊಳ್ಳಬೇಕೆಂದು ಈ ಲೇಖಕನು ಒತ್ತಿ ಹೇಳುತ್ತಾನೆ. ಮೇಲೆ ಹೇಳಿದ ಸಂಘದಲ್ಲಿ ಖಾತೆಯು ಕಂಟ್ರಾಕ್ಟುದಾರರ ಹೆಸರಿನಲ್ಲಿತ್ತು. ಅವರು ಸಜ್ಜನರಾದುದರಿಂದ ಕೀಲಿ ಸಿಕ್ಕಿತು. ನಾಲ್ಕು ದಿನ ತಡಮಾಡಿದ್ದರೆ ಆ ಕೀಲಿಯಿಂದ ಪ್ರಯೋಜನವಾಗುತ್ತಿರಲಿಲ್ಲ.

ದೊಡ್ಡ ಯಂತ್ರವನ್ನು ಹಿಡಿಯಬೇಕೆಂದು ಕೆಲವರು ಸಲಹೆಯಿತ್ತರು. ಬಾಡಿಗೆ ಇಮ್ಮಡಿಯಾಗುತ್ತಿತ್ತು. ಅಧ್ಯಕ್ಷರು ನಿಮಿಷದ ಸಾಲುಗಳನ್ನು ಬೆರಳಿಟ್ಟು ನೋಡುತ್ತ, ನಾಲೆಯ ನೀರಿಗೆ ಸರದಿಯಿಲ್ಲವೇ, ಇದಕ್ಕೂ ಸರದಿ ಮಾಡಿದರಾಗದೇ ಎಂದು ಕೇಳಿದರು. ಅದರಂತೆ ಹಸ, ಬೆಟ್ಟೆ, ರಾಶಿ, ಗೊರಬಲು ಎಂದು ಬಗೆಬಗೆಯ ಲಾಟುಗಳ ಟೆಂಡರನ್ನು ಕಾಲುಗಂಟೆಗೆ ಒಂದರಂತೆ ಮುಚ್ಚುವುದೆಂದು ಗೊತ್ತುಮಾಡಿದರು. ಬೆಳೆಗಾರರು ನೋಡುವ ಧಾರಣೆಯ ಪಟ್ಟಿಯನ್ನು ಕೇಳಿದವರಿಗೆಲ್ಲಾ ಹೊಸದಾಗಿ ಕಟ್ಟಿಕೊಡುವ ಬದಲು ನಿಮಿಷಕ್ಕೊಮ್ಮೆ ಕಟ್ಟಿಟ್ಟ ಪ್ರತಿಯನ್ನು ಕೊಡುವಂತೆ ಕಂಟ್ರಾಕ್ಟುದಾರರು ಬದಲಾಯಿಸಿದರು. ಮುಂದಿನ ತಿಂಗಳ ಟೆಂಡರಿನ ದಿನ ನಿಮಿಷದ ಲೆಕ್ಕವನ್ನು ತರಿಸಿ ನೋಡಿದಾಗ ಅತ್ಯಂತ ಹೆಚ್ಚಿನ ಸಾಲು ನೂರಕ್ಕೆ 41.

ಗುಮಾಸ್ತರು ಈಗಲೂ ಅದೇ ಕೆಲಸದಲ್ಲಿದ್ದಾರೆ. ಪ್ರತಿ ರಾತ್ರಿ 9 ಗಂಟೆಗೆ ಅಂದಿನ ನಿಮಿಷದ ಲೆಕ್ಕವು ತಾನಾಗಿ ಬಂದು ಸಂಘದ ಗಣಕದಲ್ಲಿ ಕೂಡಿಕೊಳ್ಳುತ್ತದೆ. ಟೆಂಡರಿನ ದಿನದ ಹಾಳೆಯನ್ನು ಮಾತ್ರ ಅಚ್ಚುಮಾಡಿ ನೋಟೀಸು ಹಲಗೆಗೆ ಅಂಟಿಸುತ್ತಾರೆ. ಈಚೆಗೆ ಅಲ್ಲಿಗೆ ಹೋಗಿದ್ದಾಗ ಒಂದು ಹಾಳೆಯಲ್ಲಿ ಮಧ್ಯಾಹ್ನದ ನಾಲ್ಕು ಸಾಲುಗಳು ಖಾಲಿಯಾಗಿದ್ದುವು. ಅಲ್ಲಿಯೇ ನಿಂತಿದ್ದ ಒಬ್ಬ ಸದಸ್ಯರು, ಕೆಲಸವಿಲ್ಲದ ಹೊತ್ತಾದರೆ ಸೊನ್ನೆಯನ್ನು ಹಾಕಿ ತುಂಬಬಾರದೇ ಎಂದು ಕೇಳಿದರು. ಕಂಟ್ರಾಕ್ಟುದಾರರು ಯಂತ್ರವನ್ನು ನಿಲ್ಲಿಸಿ ರಿಪೇರಿ ಮಾಡಿದ ಹೊತ್ತು ಅದು, ಹಾಕಕೂಡದು ಎಂದು ಗುಮಾಸ್ತರು ಹೇಳಿ, ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ನಾಲ್ಕು ಅಡ್ಡಗೆರೆಗಳನ್ನು ಎಳೆದರು.